ಹಾರುತ್ತಿರುವಾಗಲೇ ಎಂಜಿನ್ ಆರಿಸುವುದೇಕೆ?

ಪ್ರಶ್ನೆ: 2009ರಲ್ಲಿ ಬಿಡದಿ ಹತ್ತಿರ ಬಿದ್ದ ‘ಸಾರಸ್’ ವಿಮಾನದ ಎಂಜಿನ್ ಕೆಟ್ಟಿರಲಿಲ್ಲ, ಪೈಲಟ್‌ಗಳೇ ಆರಿಸಿದ್ದರು ಎನ್ನುತ್ತಾರೆ. ನಿಜವೇ? ಹಾಗಾದರೆ ತಪ್ಪು ಅವರದ್ದೇ?
— ಓದುಗರೊಬ್ಬರು, ರಾಮನಗರ

ಉತ್ತರ: ಆರಿಸಿದ್ದು ನಿಜ. ಆದರೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದು ಅನ್ಯಾಯ.

ಎರಡು ಎಂಜಿನ್‌ಗಳ ಯಾವುದೇ ಹೊಸ ವಿಮಾನದಲ್ಲೂ ಒಂದನ್ನು ಆಕಾಶದಲ್ಲಿ ಆರಿಸಿ ಮತ್ತೆ ಹೊತ್ತಿಸಿ ನೋಡಲೇಬೇಕು. ಮುಂದೆ ಪ್ರಯಾಣಿಕರು ಕುಳಿತಾಗ ಎಂಜಿನ್ ನಿಂತರೆ ಪೈಲಟ್ ಏನು ಮಾಡಬೇಕೆಂಬುದು ಈ ಪರೀಕ್ಷೆಯಿಂದಲೇ ಗೊತ್ತಾಗಬೇಕು. ಬೆಂಗಳೂರಿನ ಎನ್‌ಎಎಲ್ (ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ) ರೂಪಿಸಿದ, 14 ಆಸನಗಳ ಸಾರಸ್‌ನ ಎರಡನೇ ಮಾದರಿ ಮಾರ್ಚ್ 6ರಂದು ಹೊರಟಿದ್ದು ಇದಕ್ಕಾಗಿಯೇ. ಸುಮಾರು 9,000 ಅಡಿಯಲ್ಲಿ ಎಡ ಎಂಜಿನ್ ಆರಿಸಿದರು. ಮತ್ತೆ ಹೊತ್ತಿಸಲು ಹೋದಾಗ ವಿಮಾನ ಹತೋಟಿ ತಪ್ಪಿತು. ವಾಯುಪಡೆಯ ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ತೀರಿಕೊಂಡರು.

ಇಲ್ಲಿ ಪ್ರೊಪೆಲ್ಲರ್‌ನ ವಿಷಯ ತಿಳಿಯಬೇಕು. ಗಾಳಿಗೆ ಮೊರದ ಅಂಚು ಹಿಡಿದರೆ ಕೈಗೆ ಭಾರವೇ ಇಲ್ಲ. ಮುಖ ಹಿಡಿದರೆ ಗಾಳಿ ಮೊರದ ಜೊತೆ ಕೈಯನ್ನೂ ತಳ್ಳುತ್ತದೆ. ಎಂಜಿನ್ ಆರಿದಾಗ ಅಲಗುಗಳನ್ನು ಗಾಳಿಗೆ ಅಂಚಾಗಿ ತಿರುಗಿಸಿಡುತ್ತಾರೆ. ಇದಕ್ಕೆ ‘ಫೆದರ್’ ಎನ್ನುತ್ತಾರೆ. ಇಂಥ ಟರ್ಬೊಪ್ರಾಪ್‌ಗಳಲ್ಲಿ (ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲ್ಲರ್ ತಿರುಗುವ ವಿಮಾನಗಳಲ್ಲಿ) ಎಣ್ಣೆಯ ಒತ್ತಡ ಅಲಗನ್ನು ಗಾಳಿಗೆ ಮುಖವಾಗಿಸುತ್ತದೆ. ಒತ್ತಡ ಇಳಿದರೆ ಸ್ಪ್ರಿಂಗ್ ಮತ್ತು ಎದುರುತೂಕಗಳು ಅದನ್ನು ಅಂಚಿಗೆ ಮರಳಿಸುತ್ತವೆ. ಎಂಜಿನ್ ಶಕ್ತಿ ಕೊಡುವ ಮೊದಲೇ ಅಲಗು ಮುಖವಾಗಿ ತಿರುಗಿತೋ, ಅದು ಬ್ರೇಕ್ ಹಾಕಿದಂತೆಯೇ. ಒಂದು ಕಡೆ ಮಾತ್ರ ಎಳೆತ ಹೆಚ್ಚಿ ವಿಮಾನ ಓರೆಯಾಗುತ್ತದೆ, ಎತ್ತರ ಸರ್ರನೆ ಕುಸಿಯುತ್ತದೆ. ಆದ್ದರಿಂದಲೇ ಯಾವ ಲಿವರ್ ಮೊದಲು, ಯಾವುದು ಆಮೇಲೆ ಎಂಬ ಕ್ರಮಕ್ಕೆ ಅಷ್ಟು ಬೆಲೆ.

ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ತನಿಖೆ ಹೇಳಿದ ಮುಖ್ಯ ಕಾರಣವೂ ಈ ಕ್ರಮವೇ: ವಿನ್ಯಾಸಕರು ಬರೆದುಕೊಟ್ಟ ಮರುಹೊತ್ತಿಸುವ ವಿಧಾನ ತಪ್ಪಾಗಿತ್ತು, ಅದನ್ನು ಸಾಲದ ಎತ್ತರದಲ್ಲಿ ಮಾಡಲಾಯಿತು. ಪ್ರೊಪೆಲ್ಲರ್ ತಯಾರಕರನ್ನು ಕೇಳದೆಯೇ ವಿಧಾನ ರೂಪಿಸಿದ್ದರು. ಮೊದಲ ಯತ್ನ ವಿಫಲವಾದಾಗಲೇ ಪರೀಕ್ಷೆ ನಿಲ್ಲಿಸಲಿಲ್ಲ, ಕಾಕ್‌ಪಿಟ್‌ನಲ್ಲಿ ಹೊಂದಾಣಿಕೆ ಸಾಲಲಿಲ್ಲ ಎಂದೂ ವರದಿಯಲ್ಲಿದೆ. 9,000 ಅಡಿ ಎಂದರೆ ಸಮುದ್ರಮಟ್ಟದಿಂದ ಲೆಕ್ಕ. ಬೆಂಗಳೂರಿನ ಎಚ್‌ಎಎಲ್ ರನ್‌ವೇಯೇ 2,900 ಅಡಿ ಮೇಲಿದೆ. ಈ ಪ್ರಸ್ಥಭೂಮಿಯ ಮೇಲೆ ಕೈಗೆ ಸಿಗುವ ಎತ್ತರ ಎಷ್ಟು ಕಡಿಮೆ, ನೋಡಿ.

ಪ್ರಶ್ನೆ: ಸುಟ್ಟು ಕರಕಲಾದ ವಿಮಾನದಿಂದ ಎಂಜಿನ್ ನಡೆಯುತ್ತಿತ್ತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಉತ್ತರ: ಮೊದಲು ಅಲಗು ನೋಡುತ್ತಾರೆ. ಶಕ್ತಿಯಿಂದ ತಿರುಗುತ್ತಿದ್ದರೆ ಎಲ್ಲ ಅಲಗುಗಳೂ ಹೆಚ್ಚುಕಮ್ಮಿ ಒಂದೇ ಥರ ತಿರುಚಿಕೊಂಡಿರುತ್ತವೆ. ನಿಂತಿದ್ದರೆ ನೆಲಕ್ಕೆ ತಾಗಿದ್ದು ಮಾತ್ರ ಬಾಗಿರುತ್ತದೆ. ಎಚ್ಚರಿಕೆ ದೀಪದ ತಂತಿಯೂ ಸಾಕ್ಷಿ: ಉರಿಯುತ್ತಿದ್ದ ತಂತಿ ಹೊಡೆತಕ್ಕೆ ಎಳೆದು ಉದ್ದವಾಗುತ್ತದೆ, ತಣ್ಣಗಿದ್ದದ್ದು ಪಟ್ಟನೆ ತುಂಡಾಗುತ್ತದೆ. ಹಾರಾಟದ ವಿವರ ದಾಖಲಿಸುವ ಕಪ್ಪುಪೆಟ್ಟಿಗೆ (ಬಣ್ಣ ಮಾತ್ರ ಕಿತ್ತಳೆ) 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯನ್ನು ಒಂದು ಗಂಟೆ ತಾಳುವಂತೆ ಮಾಡಿರುತ್ತಾರೆ. ಪರೀಕ್ಷಾ ವಿಮಾನವಾದರೆ ಇನ್ನೊಂದು ಅನುಕೂಲ, ಹಾರುತ್ತಿರುವಾಗಲೇ ಅಂಕಿಅಂಶಗಳು ರೇಡಿಯೊ ಮೂಲಕ ನೆಲಕ್ಕೆ ಬರುತ್ತಿರುತ್ತವೆ.

ಪ್ರಶ್ನೆ: ಸಾರಸ್ ಮತ್ತೆ ಹಾರಿತೇ?

ಉತ್ತರ: ಹಾರಿತು. ಮೊದಲ ಮಾದರಿಯನ್ನೇ ಸುಧಾರಿಸಿ 2018ರ ಜನವರಿ 24ರಂದು ಬೆಂಗಳೂರಿನಿಂದಲೇ ಹಾರಿಸಿದರು.