ಹಿಂದಿನ ಸಾಲಿನವರು

ಮುಂಬಯಿಯ ಹೋಟೆಲ್ ಉದ್ಯಮದಲ್ಲಿರುವ ಎರಡನೆಯ ತಲೆಮಾರಿನ ಕನ್ನಡಿಗರು ಆಪ್ತಸಲಹೆಗೆಂದು ನನ್ನ ಬಳಿಗೆ ತರುವ ದೂರು ಹೆಚ್ಚುಕಡಿಮೆ ಒಂದೇ: ಅಪ್ಪನ ಕಾಲದಲ್ಲಿ ಕೆಲಸದವರು ನಿಲ್ಲುತ್ತಿದ್ದರು, ಈಗ ನಿಲ್ಲುವುದಿಲ್ಲ. ನಾನಿಲ್ಲಿ ಗುರುತು ಮರೆಸಿ ಬರೆಯುತ್ತಿರುವ ಈ ಗೃಹಸ್ಥರದೂ ಅದೇ ಮಾತು. ನಿದ್ದೆ ಕೆಟ್ಟು, ಸಿಟ್ಟು ಮನೆಯವರ ಮೇಲೆ ತಿರುಗತೊಡಗಿತ್ತು. ಚಳಿಗಾಲದಲ್ಲಿ ಶಿವಡಿಯ ಕೆಸರುದಂಡೆಗೆ ಹೋಗಿ ಫ್ಲೆಮಿಂಗೋಗಳ ಚಿತ್ರ ತೆಗೆಯುವುದೊಂದೇ ಅವರ ಹವ್ಯಾಸ.

ಮೂರನೆಯ ಭೇಟಿಯಲ್ಲಿ, ಸಿಬ್ಬಂದಿಯನ್ನು ತಾವು ಮನೆಯವರಂತೆ ಕಾಣುತ್ತೇವೆನ್ನುವುದಕ್ಕೆ ಸಾಕ್ಷಿಯಾಗಿ, ಆಯುಧಪೂಜೆಯ ದಿನ ಹೋಟೆಲಿನೊಳಗೆ ತಾವೇ ತೆಗೆದ ಗುಂಪುಚಿತ್ರವನ್ನು ತೋರಿಸಿದರು. ಮುಂದೆ ಕುಳಿತ ಮ್ಯಾನೇಜರ್ ಮತ್ತು ಕ್ಯಾಪ್ಟನ್‌ಗಳ ಅಂಗಿಯ ಗುಂಡಿಗಳನ್ನು ಎಣಿಸಬಹುದಿತ್ತು. ಹಿಂದೆ ನಿಂತ ಅಡುಗೆಯವರ, ಪಾತ್ರೆ ತೊಳೆಯುವವರ ಮುಖಗಳು ಮಸುಕಾಗಿದ್ದವು. ಕಾರಣ ಕೇಳಿದೆ. ಬೆಳಕು ಸಾಲದೆ ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್/1.8ರಷ್ಟು ಅಗಲಕ್ಕೆ ತೆರೆದಿದ್ದರಂತೆ, ಹತ್ತಿರದಿಂದ ಹಾಗೆ ತೆಗೆದರೆ ಫೋಕಸ್ ಇಟ್ಟ ಸಾಲು ಮಾತ್ರ ಸ್ಪಷ್ಟವಾಗಿ ಬರುತ್ತದೆ. ಕಿಂಡಿಯನ್ನು ಎಫ್/8ಕ್ಕೆ ಕಿರಿದಾಗಿಸಿದ್ದರೆ?

“ಎಲ್ಲರೂ ಸರಿಯಾಗಿ ಬರುತ್ತಿದ್ದರು ಮೇಡಂ. ಆದರೆ ಬೆಳಕು ಸುಮಾರು 20ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐಎಸ್‌ಒ ಎನ್ನುವ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆ. ಸ್ಟ್ಯಾಂಡ್ ಹಾಕಿ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಗಿರಾಕಿಗಳು ಬರುವ ಹೊತ್ತು, ಅಷ್ಟು ಪುರುಸೊತ್ತು ಎಲ್ಲಿ?”

ಹಿಂದಿನ ಸಾಲಿನ ಎಡತುದಿಯಲ್ಲಿರುವವರ ಹೆಸರೇನೆಂದು ಕೇಳಿದೆ. ಚಿತ್ರವನ್ನು ಹಿಗ್ಗಿಸಿ ನೋಡಿದರು. “ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗ ಇರಬೇಕು” ಎಂದವರು, ಬಹಳ ಹೊತ್ತು ಫೋನನ್ನು ಕೆಳಗಿಡಲಿಲ್ಲ.

ನಿದ್ದೆಗಾಗಿ ವೈದ್ಯರನ್ನು ಕಾಣಲು ಹೇಳಿದೆ. ಅದರ ಜೊತೆಗೆ, ಒಂದು ತಿಂಗಳು ದಿನಕ್ಕೊಂದು ಗಂಟೆ ಗಲ್ಲಾ ಬಿಟ್ಟು ಅಡುಗೆಮನೆಯಲ್ಲಿರಬೇಕು, ಆ ಗಂಟೆಯಲ್ಲಿ ಯಾರಿಗೂ ಏನನ್ನೂ ಅಪ್ಪಣೆ ಮಾಡಕೂಡದು ಎಂದೆ. ಇದು ಆಪ್ತಸಲಹೆಯೋ ವ್ಯಾಪಾರದ ಉಪದೇಶವೋ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ನನಗೂ ಸುಲಭವಿತ್ತು. ಆದರೆ ಕೈಕೆಳಗಿನವರ ಮುಖ ನೆನಪಿಲ್ಲದ ಯಜಮಾನನಿಗೆ ಅವರು ಬಿಟ್ಟುಹೋಗುವುದು ಪ್ರತಿಸಲವೂ ದ್ರೋಹದಂತೆಯೇ ತೋರುತ್ತದೆ, ಆ ಕೊರಗು ರಾತ್ರಿಗೂ ಹಿಂಬಾಲಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಹಿಂದಿನ ಸಾಲನ್ನೂ ಸ್ಪಷ್ಟವಾಗಿ ಕಾಣಬೇಕೆಂದರೆ ಹೊತ್ತು ಕೊಡಬೇಕಾಗುತ್ತದೆ ಎಂಬ ಲೆಕ್ಕವನ್ನು ಅವರು ಬಾಯಾರೆ ಹೇಳಿದ್ದರು. ಹೊಸದಾಗಿ ನಾನು ಹೇಳಿದ್ದು ಏನೂ ಇಲ್ಲ.

ಆಮೇಲೂ ಇಬ್ಬರು ಕೆಲಸ ಬಿಟ್ಟರು. ಒಬ್ಬನಿಗೆ ಊರಿನಲ್ಲಿ ತಾಯಿಯ ಕಾಯಿಲೆ ಎಂಬುದು ಈ ಸಲ ಯಜಮಾನರಿಗೆ ಮೊದಲೇ ತಿಳಿದಿತ್ತು. ಆ ಒಂದು ಗಂಟೆ ಗಲ್ಲಾದಲ್ಲಿ ಹೆಂಡತಿಯನ್ನು ಕೂರಿಸಬಹುದೇ ಎಂದು ಕೇಳಿದರು. ಅದನ್ನು ಅವರನ್ನೇ ಕೇಳಿ ಎಂದೆ.