‘ರೂಕರಿ ನೂಕ್’: ಪ್ರಿಂಟ್ ಹಾಳಾಗಿಲ್ಲ ಸರ್, ಒಬ್ಬರೇ ನೋಡಿದ್ದೇ ತಪ್ಪು

ಸರ್, 1930ರ ಬ್ರಿಟಿಷ್ ಹಾಸ್ಯ ಟಾಕಿ (ಮಾತಿರುವ ಸಿನಿಮಾ) ‘ರೂಕರಿ ನೂಕ್’ ಒಬ್ಬರೇ ನೋಡಿ ನಗುವೇ ಬರಲಿಲ್ಲ, ಕ್ಯಾಮೆರಾ ಅಲ್ಲಾಡುವುದಿಲ್ಲ, ನಟರು ಒಂದು ಮಾತು ಹೇಳಿ ಸುಮ್ನೆ ನಿಲ್ಲುತ್ತಾರೆ, ಪ್ರಿಂಟ್ ಹಾಳಾಗಿದೆಯಾ ಅಂತ ಕೇಳಿದ್ದೀರಿ. ಪ್ರಿಂಟಿನ ತಪ್ಪಲ್ಲ.

ಇದು ಮೊದಲು ಬೆನ್ ಟ್ರಾವರ್ಸ್ ಅವರ ನಾಟಕ. 1926ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಶುರುವಾಗಿ 400ಕ್ಕೂ ಜಾಸ್ತಿ ಪ್ರದರ್ಶನ ಕಂಡಿತು. ರಾಲ್ಫ್ ಲಿನ್, ಟಾಮ್ ವಾಲ್ಸ್, ರಾಬರ್ಟ್‌ಸನ್ ಹೇರ್ ಸಿನಿಮಾದಲ್ಲೂ ಅದೇ ಪಾತ್ರ ಮಾಡಿದರು. ಜನರ ನಗು ಇಳಿಯುವ ತನಕ ತಡೆದು ಮುಂದಿನ ಮಾತು ಆಡುವುದು ರಂಗದವರಿಗೆ ರಕ್ತದಲ್ಲೇ ಇರುತ್ತದೆ. ಸ್ಟುಡಿಯೋದಲ್ಲಿ ನಗುವವರು ಯಾರು? ಆ ಖಾಲಿ ಜಾಗ ನಾವು ತುಂಬಬೇಕಾದದ್ದು ಅಂತ ನನ್ನ ಲೆಕ್ಕ.

ಕ್ಯಾಮೆರಾ ವಿಷಯ ಬೇರೆ. ಆ ಕಾಲದ ಕ್ಯಾಮೆರಾದ ಗರಗರ ಸದ್ದು ಮೈಕಿಗೆ ಬೀಳುತ್ತಿತ್ತು. ಅದಕ್ಕೇ ಅದನ್ನು ಗಾಜಿನ ಕಿಟಕಿಯ ಗೂಡಿನೊಳಗೆ ಮುಚ್ಚಿಡುತ್ತಿದ್ದರು. ಗೂಡು ಹೊತ್ತು ಎಲ್ಲಿಗೆ ಓಡುವುದು? ನಟರೂ ಮೈಕಿನ ಹತ್ತಿರವೇ ಸುಳಿಯಬೇಕು.

ನಾನೂ ಮೊದಲು ಫೋನಿನಲ್ಲಿ, ಇಯರ್‌ಫೋನ್ ಹಾಕಿಕೊಂಡು ನೋಡಿ ಅರ್ಧಕ್ಕೇ ಬಿಟ್ಟಿದ್ದೆ. ಆಮೇಲೊಂದು ಭಾನುವಾರ ಮನೆಯ ಟಿವಿಯಲ್ಲಿ ಐದು ಜನ ಕೂತು ನೋಡಿದೆವು. ಮಲತಂದೆ ಮನೆಯಿಂದ ಓಡಿಸಿದ ಹುಡುಗಿ ಪೈಜಾಮದಲ್ಲೇ ಒಳಗೆ ನುಗ್ಗುತ್ತಾಳೆ, ಲಿನ್ ಪೆದ್ದುಪೆದ್ದಾಗಿ ಒದ್ದಾಡುತ್ತಾನೆ. ಅವನ ಹೆಂಡತಿ ಇನ್ನೂ ಬಂದಿಲ್ಲ, ಆದರೆ ಹೆಂಡತಿಯ ಅಕ್ಕ ಊರಲ್ಲೇ ಇದ್ದಾಳೆ! ನಮ್ಮತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಆ ಅಕ್ಕನ ಮುಖ ನೋಡಿದ ಕೂಡಲೇ "ಇವಳು ಬಿಡಲ್ಲ" ಅಂದರು. ಅಲ್ಲಿಂದ ಎಲ್ಲರಿಗೂ ನಗು. ನಟರು ನಿಂತ ಕಡೆಯೆಲ್ಲ ನಮ್ಮ ಗಲಾಟೆ ಸರಿಯಾಗಿ ಕೂತಿತು.

ಹೀಗೆ ಮಾಡಿ. ಟಿವಿಯಲ್ಲಿ ಬೇಸ್ (ದಪ್ಪ ಸದ್ದು) ಕಡಿಮೆ ಮಾಡಿ, ಮಾತು ಸ್ವಲ್ಪ ತಿಳಿಯಾಗುತ್ತದೆ. ಪಾತ್ರಗಳ ನಂಟು ಮೊದಲೇ ಎಲ್ಲರಿಗೂ ಹೇಳಿಬಿಡಿ, ಇಲ್ಲದಿದ್ದರೆ ಯಾರು ಯಾರಿಗೆ ಏನಾಗಬೇಕು ಅಂತ ಕೇಳುವುದರಲ್ಲೇ ಒಂದು ದೃಶ್ಯ ಮುಗಿದಿರುತ್ತದೆ. ಯಾರು ಯಾವಾಗ ಒಳಗೆ ನುಗ್ಗುತ್ತಾರೋ, ಕಣ್ಣು ಬಾಗಿಲುಗಳ ಮೇಲಿರಲಿ. ಹೆಂಡತಿಗೆ ಹೆದರುವ ಗಂಡನಾಗಿ ಹೇರ್ ಇದ್ದಾನೆ, ಮಾತಾಡದೆ ನಿಂತಾಗಲೂ ಅವನನ್ನು ಬಿಡಬೇಡಿ.

ನಿರ್ದೇಶನವೂ ವಾಲ್ಸ್ ಅವರದೇ. ಇದೇ ಮನುಷ್ಯ ತಾನು ಪಳಗಿಸಿದ ‘ಏಪ್ರಿಲ್ ದ ಫಿಫ್ತ್’ ಕುದುರೆಯಿಂದ 1932ರ ಡರ್ಬಿ ಕುದುರೆ ರೇಸ್ ಗೆದ್ದರು! ಅದಿರಲಿ, ಇದು ಹಿಡಿಸಿದರೆ ಮುಂದೆ ಇದೇ ತಂಡದ ‘ಪ್ಲಂಡರ್’ ಹಾಕಿ.