ಕೈ ಶುದ್ಧ ಇದ್ದರೆ ಸಾಕಾ, ಕೆಲಸವೂ ಬರಬೇಕಾ?

ಸರ್, "ಒಬ್ಬರು ಪ್ರಾಮಾಣಿಕರು, ಆದರೆ ಕೆಲಸ ಮಾಡಿಸಲು ಬರಲ್ಲ. ಇನ್ನೊಬ್ಬರು ದುಡ್ಡು ತಿಂತಾರೆ, ಆದರೆ ಕೆಲಸ ಆಗುತ್ತದೆ. ಓಟು ಯಾರಿಗೆ?" ಅಂತ ಕೇಳಿದ್ದೀರಿ.

ನಾನು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ನಮ್ಮದು. ಭತ್ತ ಕಾಳು ಕಟ್ಟುವ ಹೊತ್ತಿಗೆ ನೀರು ಬರದಿದ್ದರೆ ಶಾಸಕರ ಒಳ್ಳೆಯತನ ಯಾರಿಗೂ ನೆನಪಿರಲ್ಲ. ಕಾಲುವೆಯ ಗೇಜ್ (ನೀರಿನ ಮಟ್ಟ) ಎಷ್ಟಿದೆ, ಮೇಲ್ಭಾಗದಲ್ಲಿ ಯಾರು ಅಕ್ರಮವಾಗಿ ನೀರು ಎಳೆಯುತ್ತಿದ್ದಾರೆ ಅಂತ ತಿಳಿದು ಗಟ್ಟಿಯಾಗಿ ಕೇಳುವವರು ಬೇಕು. ಜನ ಕೆಲಸ ಮಾಡಿಸುವವರ ಕಡೆ ವಾಲುವುದು ಅದಕ್ಕೇ.

ಆದರೆ ದುಡ್ಡು ತಿಂದು ಮಾಡಿಸಿದ ಕೆಲಸವನ್ನು ಹತ್ತಿರ ಹೋಗಿ ನೋಡಿ. ನಮ್ಮೂರ ಹೊಲಗಾಲುವೆಗೆ ಹಾಕಿದ ಸಿಮೆಂಟು ಎರಡೇ ಮಳೆಗಾಲಕ್ಕೆ ಎದ್ದು ಬಂತು. ಕೈಯಲ್ಲಿ ಹಿಡಿದರೆ ಬರೀ ಮರಳು. ಅದನ್ನು ಕೆಲಸ ಅನ್ನೋಕಾಗಲ್ಲ, ಅಲ್ವಾ?

ಸುಮ್ನೆ ಊರಲ್ಲಿ ಆಡುವ ಮಾತು ನಂಬಬೇಡಿ. ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ಅಂದ್ರೆ ಫಾರಂ 26ರಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಕೇಸು ಎಲ್ಲ ಬರೆದಿರಬೇಕು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಆಮೇಲೆ ಆ ಪ್ರಾಮಾಣಿಕರ ಮನೆಗೇ ಹೋಗಿ ಕೇಳಿ, ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ನಮ್ಮ ಪರ ಏನು ಮಾತಾಡ್ತೀರಿ ಅಂತ. ಕಾಲುವೆ ಲೆಕ್ಕ ಗೊತ್ತಿದ್ದರೆ ನನ್ನ ಓಟು ಅವರಿಗೇ. ಗೊತ್ತಿಲ್ಲದೆ ಕಲಿಯುವ ಮನಸ್ಸಿದ್ದರೆ, ಕೂತು ಹೇಳಿಕೊಡಲು ನಾನು ತಯಾರು.